ಒಂದು ಮಾತ್ರೆ ಕಮ್ಮಿ

ಹಲ್ಲುಜ್ಜುವಾಗಲೂ ಅದೇ ಸಾಲು. ಬ್ರಷ್ಷು ನಾಲ್ಕು ಸಲ ಮೇಲೆ, ನಾಲ್ಕು ಸಲ ಕೆಳಗೆ. ಅರಿವಿಗೆ ಮಣಿವೆವು, ಬಲಕೆ ಬಾಗುವೆವು. ಥೂ ಎಂದು ಉಗುಳಿ ಕನ್ನಡಿ ನೋಡಿಕೊಂಡ. ಐವತ್ತೊಂಬತ್ತು ವರ್ಷದ ಮುಖ, ಗದ್ದದ ಮೇಲೆ ನೊರೆ. ಇನ್ನು ಮೂರು ತಿಂಗಳಿಗೆ ನಿವೃತ್ತಿ. ವಿಶ್ವವಿದ್ಯಾಲಯದಲ್ಲಿ ಮೂವತ್ತೆರಡು ವರ್ಷ ಸಂಗೀತ ಕಲಿಸಿ, ಹತ್ತೊಂಬತ್ತು ಕೃತಿಗಳನ್ನು ಸಂಯೋಜಿಸಿ, ಕೊನೆಗೆ ಜನರ ಬಾಯಲ್ಲಿ ಉಳಿದದ್ದು ಇದೊಂದು, ಎರಡು ನಿಮಿಷ ಹತ್ತು ಸೆಕೆಂಡಿನ ವಿಶ್ವವಿದ್ಯಾಲಯ ಗೀತೆ. ಇದನ್ನಾದರೂ ಜನ ಕೇಳುತ್ತಾರೆಯೇ ಎಂದರೆ ಅದೂ ಇಲ್ಲ. ಎದ್ದು ನಿಲ್ಲುತ್ತಾರೆ, ಅಷ್ಟೆ. ನಿಂತು ಶರ್ಟು ಸರಿಮಾಡಿಕೊಳ್ಳುತ್ತಾರೆ, ಮುಂದಿನ ಸಾಲಿಗೆ ಯಾರ್‍ಯಾರು ಬಂದಿದ್ದಾರೆಂದು ಕತ್ತು ಚಾಚುತ್ತಾರೆ. ಹಿಂದಿನ ಸಾಲಿನ ವಿದ್ಯಾರ್ಥಿಗಳಂತೂ 'ಬಲಕೆ ಬಾಗುವೆವು' ಬಂದ ತಕ್ಷಣ ಒಟ್ಟಿಗೇ ಬಲಗಡೆಗೆ ವಾಲುತ್ತಾರೆ. ಇಪ್ಪತ್ತಾರು ವರ್ಷದಿಂದ ಒಂದು ತಂಡ ಹೋಗಿ ಇನ್ನೊಂದು ತಂಡ ಬರುತ್ತಿದ್ದರೂ ಈ ವಾಲುವುದನ್ನು ಮಾತ್ರ ಯಾರೂ ಕಲಿಸದೆ ಎಲ್ಲರೂ ಕಲಿತುಬಿಡುತ್ತಾರೆ. ಅವನು ಗಂಟಲು ಹರಿದುಕೊಂಡು ಹೇಳಿಕೊಟ್ಟದ್ದರಲ್ಲಿ ಒಂದಾದರೂ ಹೀಗೆ ಅಂಟಿಕೊಂಡಿತೇ ಎಂದು ಕೇಳಿಕೊಂಡ. ಅಂಟಿಕೊಂಡಿರಲಿಲ್ಲ.

"ಬಚ್ಚಲಲ್ಲಿ ತಾಳ ಹಾಕ್ತಾ ನಿಂತ್ಕೊಂಡ್ರೆ ನಂಗೆ ಬಸ್ಸು ತಪ್ಪುತ್ತೆ," ಎಂದಳು ಹೆಂಡತಿ ಹೊರಗಿನಿಂದ. ಅವಳು ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ ಮಾಡುವವಳು. ಬಾಗಿಲು ತೆಗೆದರೆ ರಕ್ತದೊತ್ತಡದ ಗುಳಿಗೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. "ನಿನ್ನೇದು ನುಂಗಿಲ್ಲ ನೀವು. ಒಂದು ಮಾತ್ರೆ ಜಾಸ್ತಿ ಉಳಿದಿದೆ."

"ನನ್ನ ಹಣೇಲಿ ಒಂದು ಮಾತ್ರೆ ಯಾವಾಗ್ಲೂ ಹೆಚ್ಚುಕಮ್ಮೀನೇ," ಎಂದ.

"ಆ ಫೈಲು ಕಳಿಸಿದ್ರಾ?"

ಅವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದ.

"ನಾನು ಮಾತ್ರೆ ಲೆಕ್ಕ ತಪ್ಪಿದ್ರೆ ಜನ ಸಾಯ್ತಾರೆ. ನೀವು ತಪ್ಪಿದ್ರೆ ಎದ್ದು ನಿಲ್ತಾರೆ. ಇದಕ್ಕೆ ಹನ್ನೊಂದು ದಿನ ತಲೆ ಕೆಡಿಸ್ಕೊಂಡು ಕೂರೋದಾ? ಕೂರುತ್ತೆ ಅಂದ್ರೆ ಕೂರುತ್ತೆ, ಇಲ್ಲ ಅಂದ್ರೆ ಇಲ್ಲ. ಬರೆದು ಬಿಸಾಕಿ." ಅವನ ಅಂಗೈಗೆ ಗುಳಿಗೆ ಒತ್ತಿ, ಚಪ್ಪಲಿ ಮೆಟ್ಟಿ ಹೊರಟುಹೋದಳು. ಅವಳಿಗೂ ಅವನು ಮದುವೆಯಾದ ಹೊಸತರಲ್ಲಿ ಊರಿಗೆಲ್ಲ ಹೇಳಿದ್ದನ್ನೇ ಹೇಳಿದ್ದ. ಗೀತೆಯ ಒಂದು ಪದ ಧಾಟಿಗೆ ಕೂರಲಿಲ್ಲ, ಒಂದು ಮಾತ್ರೆ ಕಮ್ಮಿ ಬಿತ್ತು, ಹಾಗಾಗಿ ಬದಲಾಯಿಸಬೇಕಾಯಿತು.

ಫೈಲಿನಲ್ಲಿ ಇದ್ದದ್ದು ಎರಡೇ ಹಾಳೆ. ಒಂದು, ಕವಿಯ ಕಾಗದ. ಆ ಗೀತೆ ಬರೆದವನು ಅವನು, ಪಕ್ಕದ ಕಟ್ಟಡದಲ್ಲಿ ಭಾಷೆ ಕಲಿಸುತ್ತಿದ್ದವನು, ಇಬ್ಬರಿಗೂ ಮದುವೆಯಾಗುವ ಮೊದಲು ಆರು ವರ್ಷ ಒಂದೇ ಬಾಡಿಗೆ ರೂಮಿನಲ್ಲಿ ಜೊತೆಗಿದ್ದವನು. 'ನಾನು ಬರೆದದ್ದು ಬಲಕೆ ಬಾಗೆವು ಎಂದು. ಹಾಡುತ್ತಿರುವುದು ಬಲಕೆ ಬಾಗುವೆವು ಎಂದು. ಸುವರ್ಣ ಮಹೋತ್ಸವದ ಧ್ವನಿಮುದ್ರಣದಲ್ಲಾದರೂ ಮೂಲದ ಮಾತು ಬರುವಂತೆ, ಧಾಟಿಗೆ ತೊಂದರೆಯಾಗದಿದ್ದಲ್ಲಿ, ಪರಿಶೀಲಿಸಬೇಕಾಗಿ ಕೋರಿಕೆ.' ಇನ್ನೊಂದು ಹಾಳೆಯಲ್ಲಿ ಕುಲಸಚಿವರ ಟಿಪ್ಪಣಿ: 'ಸಂಗೀತ ವಿಭಾಗದ ಮುಖ್ಯಸ್ಥರು. ಮೂಲ ಪದ ಧಾಟಿಗೆ ಕೂರುವುದೇ, ಇಲ್ಲವೇ? ಸ್ಪಷ್ಟ ಅಭಿಪ್ರಾಯ ನೀಡುವುದು. ತುರ್ತು.' ಬಸ್ಸಿಗೆ ಕಾಯದೆ ನಡೆದೇ ಹೊರಟವನು ದಾರಿಯುದ್ದಕ್ಕೂ ಕಾಗದದ ನಡುವಿನ ಎರಡು ಪದಗಳನ್ನು ಜಗಿಯುತ್ತಿದ್ದ. ಧಾಟಿಗೆ ತೊಂದರೆಯಾಗದಿದ್ದಲ್ಲಿ. ಇದು ಮರ್ಯಾದೆಯೋ, ಚುಚ್ಚು ಮಾತೋ? ಆ ಮನುಷ್ಯ ಚುಚ್ಚುವ ಜಾತಿಯವನಲ್ಲ. ಅದೇ ಅವನ ತೊಂದರೆ. ಚುಚ್ಚಿದ್ದರೆ ತಿರುಗಿ ಚುಚ್ಚಬಹುದಿತ್ತು. ರಸ್ತೆ ದಾಟುವಾಗ ಒಬ್ಬ ಸ್ಕೂಟರಿನವನು ಕಿವಿಯ ಹತ್ತಿರವೇ ಹಾರ್ನ್ ಬಾರಿಸಿ, "ಏನ್ ಸಾರ್, ಮನೇಲಿ ಹೇಳಿ ಬಂದಿದೀರಾ?" ಎಂದ. ಇವನು ಅವನ ಬೆನ್ನಿಗೆ ಏನೋ ಗೊಣಗಿ ಫುಟ್‌ಪಾತಿನ ಎತ್ತರ ತಪ್ಪಿ ಮುಗ್ಗರಿಸಿದ.

ಒಂದಕ್ಷರ. ಬಾಗೆವು ಅಂದರೆ ಬಾಗುವುದಿಲ್ಲ. ಬಾಗುವೆವು ಅಂದರೆ ಬಾಗುತ್ತೇವೆ. ಮಧ್ಯೆ ಒಂದಕ್ಷರ ತುರುಕಿದ್ದಕ್ಕೆ ಇಡೀ ಸಾಲು ಅಂಗಾತ ಬಿದ್ದಿತ್ತು. ಆ ವರ್ಷ ವಿದ್ಯಾರ್ಥಿಗಳು ಗ್ರಂಥಾಲಯದ ಮೆಟ್ಟಿಲ ಮೇಲೆ ಮುಷ್ಕರ ಕೂತಿದ್ದರು, ಕವಿ ಅವರ ಜೊತೆ ಮೂರು ದಿನ ಕೂತಿದ್ದ, ಕ್ಷಮಾಪಣೆ ಬರೆದುಕೊಡು ಎಂದರೆ ಬರೆದಿರಲಿಲ್ಲ. ಅದಾದ ತಿಂಗಳಿಗೇ ಘಟಿಕೋತ್ಸವದ ಕರಪತ್ರದಲ್ಲಿ ಅವನ ಹೆಸರಿನ ಮೇಲೆ ದಪ್ಪ ಅಕ್ಷರದಲ್ಲಿ 'ಬಲಕೆ ಬಾಗುವೆವು' ಎಂದು ಅಚ್ಚಾಗಿ ಬಂತು. ಕವಿ ಹೆದರಿ ತಾನೇ ಬದಲಾಯಿಸಿಕೊಂಡ ಎಂದೇ ಮೊದಲು ಎಲ್ಲರೂ ತಿಳಿದರು. ಕ್ಯಾಂಟೀನಿನಲ್ಲಿ ಅವನು ಕೂತರೆ ಪಕ್ಕದವರು ಕಪ್ಪು ಎತ್ತಿಕೊಂಡು ಎದ್ದು ಹೋಗುತ್ತಿದ್ದರು. ವರ್ಷ ಮುಗಿಯುವ ಮೊದಲು ಅವನೇ ಕೇಳಿಕೊಂಡು ಊರಿನ ಆಚೆ ತುದಿಯ ಸಂಜೆ ಕಾಲೇಜಿಗೆ ವರ್ಗ ಮಾಡಿಸಿಕೊಂಡ. ಆಮೇಲೆ ಅವರಿಬ್ಬರೂ ಎದುರಾದದ್ದು ಐದಾರು ಸಲ ಇರಬಹುದು. ಅವನು ದೂರದಿಂದಲೇ ಕೈ ಎತ್ತುತ್ತಿದ್ದ, ಇವನು ಮೆಟ್ಟಿಲಿದ್ದರೆ ಮೆಟ್ಟಿಲು, ಬಾಗಿಲಿದ್ದರೆ ಬಾಗಿಲು, ಸಿಕ್ಕಿದ ಕಡೆ ತೂರಿಕೊಳ್ಳುತ್ತಿದ್ದ.

ಕರಪತ್ರ ಅಚ್ಚಾಗುವ ಮೊದಲು ಇವನು ಹೋಗಿ ಕೂತಿದ್ದ ಕುಲಪತಿಗಳ ಮನೆಯ ಸೋಫಾ ತೀರಾ ತಗ್ಗಿನದು. ಕೂತರೆ ಮೊಣಕಾಲು ಎದೆಗೆ ಬರುತ್ತಿತ್ತು, ಕೈಯಲ್ಲಿದ್ದ ಸ್ವರಲಿಪಿಯ ಹಾಳೆಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಗದ್ದದ ಕೆಳಗೆ ಹಿಡಿದುಕೊಂಡಿದ್ದ. ಎದುರಿನ ಎತ್ತರದ ಕುರ್ಚಿಯಲ್ಲಿ ಕುಲಪತಿಗಳು ಕಿತ್ತಲೆ ಸುಲಿಯುತ್ತಾ, ಆ ಸಾಲೊಂದು ಸ್ವಲ್ಪ, ಎಂದಿದ್ದರು. ಅಷ್ಟೇ ಅಂದದ್ದು. ಮುಂದಿನ ಮಾತು ಅವರ ಬಾಯಲ್ಲಿ ಇನ್ನೂ ಹುಟ್ಟಿರಲಿಲ್ಲ, ಇವನು, "ಬದಲಾಯಿಸಬಹುದು ಸಾರ್, ಹೇಗೂ ಅಲ್ಲಿ ಒಂದು ಮಾತ್ರೆ ಕಮ್ಮಿ ಬೀಳ್ತಿದೆ," ಎಂದುಬಿಟ್ಟಿದ್ದ. ಯಾರೂ ಹೆದರಿಸಿರಲಿಲ್ಲ, ಯಾರೂ ಆಸೆ ತೋರಿಸಿರಲಿಲ್ಲ. ಇಷ್ಟು ವರ್ಷ ಹೊಟ್ಟೆಯೊಳಗೆ ಕೊಳೆಯುತ್ತಿರುವುದು ಬದಲಾಯಿಸಿದ್ದಲ್ಲ, ಆ ಅವಸರ. ಅವರು ಒಂದು ತೊಳೆ ಕಿತ್ತಲೆ ಇವನ ಕಡೆ ಚಾಚಿದರು, ಇವನು ಸೋಫಾದ ಗುಂಡಿಯಿಂದ ಅರ್ಧ ಎದ್ದು ಎರಡೂ ಕೈಯಲ್ಲಿ ಇಸಿದುಕೊಂಡ. ತಿಂಗಳು ಕಳೆಯುವುದರಲ್ಲಿ ರೀಡರ್ ಹುದ್ದೆಯ ಆದೇಶ ಬಂತು. ಕಮ್ಮಿ ಬಿದ್ದದ್ದೇನೋ ನಿಜ, ಏಳೇ ಮಾತ್ರೆ ಇತ್ತು. ಆದರೆ ಆ ಗದ್ದದ ಕೆಳಗಿನ ಹಾಳೆಯಲ್ಲಿ ಎಂಟನ್ನೂ ಆಗಲೇ ತುಂಬಿಸಿದ್ದ. 'ಬಲಕೆ' ಎಂದು ಮೂರು ಮಾತ್ರೆ, ಆಮೇಲೆ ಒಂದು ಮಾತ್ರೆ ಏನೂ ಇಲ್ಲ, ಬರೀ ಮೌನ, ಆಮೇಲೆ ನಾಲ್ಕು ಮಾತ್ರೆ 'ಬಾಗೆವು'. ಹಾಡುವವರೆಲ್ಲ ಒಟ್ಟಿಗೆ ನಿಂತು, ಉಸಿರು ಹಿಡಿದು, ಆಮೇಲೆ ಆ ಮಾತು. ಬರೆದ ದಿನ ಅವನಿಗೇ ಮೈ ಜುಮ್ಮೆಂದಿತ್ತು. ಹತ್ತೊಂಬತ್ತು ಕೃತಿಗಳಲ್ಲಿ ಇದು ನನ್ನದು ಎಂದು ಎದೆ ತಟ್ಟಿ ಹೇಳುವಂಥದ್ದೇನಾದರೂ ಇದ್ದರೆ ಅದು ಆ ಒಂದು ಮಾತ್ರೆಯ ಮೌನ, ಅದನ್ನೇ ಹೊಸಕಿ ಹಾಕಿ ಒಂದಕ್ಷರ ತುರುಕಿದ್ದ.

ಸಂಗೀತ ವಿಭಾಗ ಭೂಗೋಳದವರ ಕೆಳಗೆ, ನೆಲಮಾಳಿಗೆಯಲ್ಲಿತ್ತು. ಮೇಲೆ ಯಾರಾದರೂ ಕುರ್ಚಿ ಎಳೆದರೆ ಇಲ್ಲಿ ಶ್ರುತಿ ಕೆಡುತ್ತಿತ್ತು. ಬಾಗಿಲಲ್ಲೇ ಕುಲಸಚಿವರ ಕಚೇರಿಯ ಜವಾನ ಸ್ಟೂಲು ಹಾಕಿಕೊಂಡು ಕೂತಿದ್ದ, ಮೂರು ದಿನದಿಂದ ಬಂದು ಬಂದು ಹೋಗುತ್ತಿದ್ದವನು. "ಇವತ್ತು ಫೈಲಿಲ್ದೆ ಬರ್ಬೇಡ ಅಂದಿದಾರೆ ಸಾರ್. ನಾಳೆ ರೆಕಾರ್ಡಿಂಗ್ ಅಂತೆ. ನೀವು ಬರೆಯೋವರೆಗೂ ಇಲ್ಲೇ ಕೂತಿರ್ತೀನಿ. ಕೂರೋದಾದ್ರೆ ಕೂರುತ್ತೆ ಅಂತ, ಇಲ್ಲಾಂದ್ರೆ ಕೂರಲ್ಲ ಅಂತ," ಎಂದು, ತಾನು ಆಡಿದ್ದು ತನಗೇ ತಮಾಷೆಯೆನಿಸಿ ನಕ್ಕ. ಇವನು ನಗಲಿಲ್ಲ. ಬರೆಯುವುದು ಏನೆಂದು ಬೆಳಿಗ್ಗೆಯೇ ಹೆಚ್ಚುಕಡಿಮೆ ತೀರ್ಮಾನವಾಗಿತ್ತು. ಕೂರುವುದಿಲ್ಲ. ಇಪ್ಪತ್ತಾರು ವರ್ಷ ಹೇಳಿದ್ದನ್ನು ಇನ್ನು ಮೂರು ತಿಂಗಳು ಹೇಳಿದರಾಯಿತು. ಕೂರುತ್ತದೆ ಎಂದು ಬರೆದರೆ ಮುಂದಿನ ಪ್ರಶ್ನೆ ಗೊತ್ತೇ ಇದೆ: ಹಾಗಾದರೆ ಆವಾಗ ಯಾಕೆ ಕೂರಲಿಲ್ಲ? ತಾಳದ ವಿಷಯದಲ್ಲಿ ಮೊದಲೇ ಅವನನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಅದೇಕೆ ಎಂದು ಅವನಿಗೆ ಇವತ್ತಿಗೂ ಬಗೆಹರಿದಿಲ್ಲ. ಹಿರಿತನದ ಸರದಿಯಲ್ಲಿ ಮುಖ್ಯಸ್ಥನಾದ, ಸರಿ, ಆದರೆ ತಾಳಶಾಸ್ತ್ರದ ಪತ್ರಿಕೆಯನ್ನು ಒಂದು ವರ್ಷವೂ ಅವನಿಗೆ ಕಲಿಸಲು ಕೊಟ್ಟಿರಲಿಲ್ಲ. ಕೇಳಿದರೆ ಪಠ್ಯ ಸಮಿತಿಯವರು, "ನಿಮಗ್ಯಾಕೆ ಸಾರ್ ಆ ಕಷ್ಟ," ಎಂದು ಕಾಯಿಲೆಯವನನ್ನು ಮಾತಾಡಿಸುವ ಹಾಗೆ ಮಾತಾಡುತ್ತಿದ್ದರು. ದೊಡ್ಡ ವಾದ್ಯವೃಂದದವರು ಅವನ ಒಂದು ಕೃತಿಯನ್ನು ತರಿಸಿಕೊಂಡು ಎರಡು ವರ್ಷ ಇಟ್ಟುಕೊಂಡು, ಲಯದ ಬಗ್ಗೆ ನಮಗೆ ಸ್ವಲ್ಪ ಅನುಮಾನವಿದೆ ಎಂದು ಹಿಂದಕ್ಕೆ ಕಳಿಸಿದ್ದರು. ಕವರು ಒಡೆದ ಗುರುತೂ ಇರಲಿಲ್ಲ. ಹೊಟ್ಟೆಕಿಚ್ಚು ಎಂದುಕೊಂಡಿದ್ದ. ಇಪ್ಪತ್ತಾರು ವರ್ಷ ಆ ಒಂದು ಪದದಿಂದ ಸಮಾಧಾನ ಮಾಡಿಕೊಂಡಿದ್ದ.

ಒಳಗೆ ಹನ್ನೆರಡು ಮಂದಿ ವಿದ್ಯಾರ್ಥಿಗಳು ಅಭ್ಯಾಸಕ್ಕೆ ನಿಂತಿದ್ದರು. ಫೈಲಿನ ಸುದ್ದಿ ಅವರಿಗೂ ತಲುಪಿತ್ತು, ಯಾವ ಸುದ್ದಿ ತಲುಪುವುದಿಲ್ಲ. ತಂಡದ ನಾಯಕಿ, ಎರಡನೇ ವರ್ಷದ ಹುಡುಗಿ, ಕೈ ಎತ್ತಿ, "ಸಾರ್, 'ಬಾಗೆವು' ಅಂತಾನೇ ಹಾಡ್ಬಹುದಲ್ವಾ? 'ಬಲಕೆ' ಅನ್ನೋದರಲ್ಲಿ 'ಕೆ' ಒಂಚೂರು ಎಳೆದ್ರೆ ಎಂಟು ಆಗುತ್ತೆ," ಎಂದಳು. ಎಂದವಳು ಸುಮ್ಮನಿರಲಿಲ್ಲ, ಬೆರಳು ಮಡಚಿ ಎಣಿಸಿ ತೋರಿಸಿದಳು. ಅವನ ಕಿವಿ ಬಿಸಿಯಾಯಿತು. ಎಳೆಯುವುದಂತೆ. ಎಳೆದರೆ ಅದು ಬಾಗಿದ ಹಾಗೇ ಕೇಳಿಸುತ್ತದೆ ಎನ್ನುವಷ್ಟು ಕಿವಿ ಬೇಡವೇ? ಅಲ್ಲಿ ಎಳೆಯಬಾರದು, ನಿಲ್ಲಬೇಕು. ನಾಲಗೆ ತುದಿಗೆ ಬಂದದ್ದನ್ನು ನುಂಗಿ, "ನೀನು ಹಾಡೋಕೆ ಬಂದಿದೀಯೋ, ನನಗೆ ಪಾಠ ಹೇಳೋಕೆ ಬಂದಿದೀಯೋ?" ಎಂದು ಗದರಿದ. ಹುಡುಗಿ ತಲೆ ತಗ್ಗಿಸಿದಳು. ಹಿಂದೆ ನಿಂತಿದ್ದ ಇಬ್ಬರು ಒಬ್ಬರನ್ನೊಬ್ಬರು ನೋಡಿದರು. ಆ ನೋಟ ಅವನಿಗೆ ಚೆನ್ನಾಗಿ ಗೊತ್ತು, ಪಾಪ ಅವರಿಗೆ ಬರಲ್ಲ ಬಿಡು ಎನ್ನುವ ನೋಟ. ಅದನ್ನು ಸಹಿಸುವುದಕ್ಕಿಂತ ಹುಡುಗಿ ಎದುರು ಮಾತಾಡಿದ್ದರೆ ಚೆನ್ನಾಗಿತ್ತು ಎನಿಸಿತು.

ಬಾಗಿಲಲ್ಲಿ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ ಕವಿ. ಹೆಗಲಿಗೆ ಬಟ್ಟೆಯ ಚೀಲ, ತಲೆಯಲ್ಲಿ ಕೂದಲು ಅರ್ಧಕ್ಕರ್ಧ ಇಲ್ಲ. ಈ ಸಲ ತೂರಿಕೊಳ್ಳಲು ಬೇರೆ ಬಾಗಿಲಿರಲಿಲ್ಲ, ಇದ್ದ ಒಂದರಲ್ಲೇ ಅವನು ನಿಂತಿದ್ದ.

"ಒಳಗೆ ಬರ್ಬಹುದಾ, ಇಲ್ಲಾ ಚೀಟಿ ಕಳಿಸ್ಬೇಕಾ?" ಎಂದು ನಗುತ್ತಾ ಬಂದು, ಪೆಡಲ್ ಹಾರ್ಮೋನಿಯಮ್ಮಿನ ಪಕ್ಕದ ಬೆಂಚಿನ ಮೇಲೆ ಕೂತ. "ದಪ್ಪ ಆಗಿದೀಯಲ್ಲೋ. ಚೆನ್ನಾಗಿ ನೋಡ್ಕೋತಿದಾರೆ ಅನ್ಸುತ್ತೆ ಮನೆಯವರು."

"ಹೂಂ. ಕೂತ್ಕೋ," ಎಂದ ಇವನು, ಅವನು ಆಗಲೇ ಕೂತಿದ್ದರೂ.

ವಿದ್ಯಾರ್ಥಿಗಳನ್ನು ಹೊರಗೆ ಕಳಿಸಬೇಕೆಂದು ಹೊಳೆಯಿತು, ಕಳಿಸಲಿಲ್ಲ. ಕವಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ದನಿ ತಗ್ಗಿಸಿದ. ತಗ್ಗಿಸಿದರೂ ಆ ನೆಲಮಾಳಿಗೆಯಲ್ಲಿ ಎಲ್ಲ ಕೇಳಿಸುತ್ತಿತ್ತು.

"ಆ ಕಾಗದದ ವಿಷಯಕ್ಕೇ ಬಂದೆ ಕಣೋ. ಮಗಳು ಜೀವ ತಿಂದ್ಲು, ಬರೀ ಅಪ್ಪಾ ಬರೀ ಅಪ್ಪಾ ಅಂತ. ಬರೆದು ಹಾಕಿದ ಮೇಲೆ ನಂಗೇ ಸರಿಹೋಗ್ಲಿಲ್ಲ. ನಿವೃತ್ತಿ ಹೊತ್ತಲ್ಲಿ ನಿನ್ನ ಇಕ್ಕಟ್ಟಿಗೆ ಸಿಕ್ಕಿಸಿದೆ ಅನ್ಸ್ತು. ನೀನು ತಲೆ ಕೆಡಿಸ್ಕೋಬೇಡ. ಕೂರಲ್ಲ ಅಂತ ಬರೆದುಬಿಡು."

"ಏನು?"

"ಕೂರಲ್ಲ ಅಂತ ಬರೀ. ನಂಗೇನೂ ಬೇಜಾರಿಲ್ಲ. ಆಗದ್ದನ್ನ ಆಗು ಅಂದ್ರೆ ಎಲ್ಲಾಗುತ್ತೆ? ನಾನು ಬರುವಾಗ್ಲೇ ಕುಲಸಚಿವರ ಹತ್ರಾನೂ ಹೇಳಿ ಬಂದೆ, ಅವನು ಏನು ಬರೀತಾನೋ ಅದಕ್ಕೆ ನನ್ನ ಒಪ್ಪಿಗೆ ಅಂತ."

ಇವನ ಎದೆಯ ಮೇಲಿನ ಕಲ್ಲು ಸರಿದ ಹಾಗಾಯಿತು. ಹನ್ನೊಂದು ದಿನದಿಂದ, ಹನ್ನೊಂದು ದಿನವೇನು ಇಪ್ಪತ್ತಾರು ವರ್ಷದಿಂದ, ಬೇಕು ಬೇಕು ಎಂದು ಹಂಬಲಿಸಿದ್ದು ಕಾಲಿಗೇ ಬಂದು ಬಿದ್ದಿತ್ತು, ಅದೂ ಕೇಳದೆ, ಕಣ್ಣೀರಿಲ್ಲದೆ, ಕಾರಣ ಹೇಳುವ ಕಷ್ಟವಿಲ್ಲದೆ. ಕಣ್ಣು ಮಂಜಾಯಿತು. ಎದ್ದು ಅಪ್ಪಿಕೊಳ್ಳಬೇಕೆನಿಸಿತು, ಇವತ್ತು ಸಂಜೆ ಮನೆಗೆ ಬಾ ಎನ್ನಬೇಕೆನಿಸಿತು. ಕವಿ ಅಲ್ಲಿಗೇ ನಿಲ್ಲಿಸಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಒಳ್ಳೆಯವರಿಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗುವುದಿಲ್ಲ, ಅದೊಂದು ಕರ್ಮ.

"ಆವಾಗ ನೀನು ರೀಡರ್ ಆದ ಮೇಲೆ ಜನ ಏನೇನಂದ್ರು ಗೊತ್ತಾ? ಕುಲಪತಿ ಕಾಲು ಹಿಡಿದ, ರೀಡರ್ ಆಗೋಕೆ ನಿನ್ನ ಸಾಲು ಮಾರ್ಕೊಂಡ ಅಂತ. ನಾನು ಬಿಟ್ಟುಕೊಡ್ಲಿಲ್ಲ. ಸಿಕ್ಕಿದೋರಿಗೆಲ್ಲ ಹೇಳ್ದೆ. ಅವನು ಅಂಥೋನಲ್ಲ ಮಾರಾಯ್ರೆ, ಅವನ ಜೊತೆ ಆರು ವರ್ಷ ಇದ್ದೋನು ನಾನು. ಪಾಪ, ಅವನಿಗೆ ರಾಗ ಚೆನ್ನಾಗಿ ಬರುತ್ತೆ, ತಾಳ ಮಾತ್ರ ಅಷ್ಟಕ್ಕಷ್ಟೆ. ಏಳು ಮಾತ್ರೆನ ಎಂಟಕ್ಕೆ ಕೂರ್ಸೋಕೆ ಬರ್ಲಿಲ್ಲ, ಒಂದಕ್ಷರ ತುರುಕಿದ, ಅದು ಬಿಟ್ರೆ ಬೇರೇನಿಲ್ಲ ಅಂತ. ಪಠ್ಯ ಸಮಿತಿಯೋರು ನನ್ನನ್ನೇ ಕರೆದು ಕೇಳಿದ್ರು, ಅವರಿಗೂ ಹೇಳ್ದೆ. ವಾದ್ಯವೃಂದದೋರು ಕೇಳಿದ್ರು, ಅವರಿಗೂ ಅದನ್ನೇ ಹೇಳ್ದೆ. ನಿನ್ನ ಮರ್ಯಾದೆ ಉಳೀಬೇಕಲ್ಲ."

ಮೇಲೆ ಭೂಗೋಳದವರು ಯಾವುದೋ ಮೇಜು ಎಳೆದರು. ಇವನು ಕವಿಯ ಮುಖವನ್ನೇ ನೋಡುತ್ತಿದ್ದ. ಹೇಳಿದ್ದೇನೆಂದು ಅವನಿಗೆ ಗೊತ್ತೇ ಇರಲಿಲ್ಲ. ನಿರಾಳವಾಗಿ ಕೂತಿದ್ದ, ಗೆಳೆಯನಿಗೆ ಉಪಕಾರ ಮಾಡಿದವನ ಮುಖ. ತಾಳದ ಪತ್ರಿಕೆ, ಒಡೆಯದೆ ಬಂದ ಕವರು, ನಿಮಗ್ಯಾಕೆ ಸಾರ್ ಆ ಕಷ್ಟ, ಹುಡುಗರ ಆ ನೋಟ, ಟ್ರಂಕಿನಲ್ಲಿ ಹಳದಿಗಟ್ಟುತ್ತಿರುವ ಹದಿನೆಂಟು ಕೃತಿಗಳು, ಎಲ್ಲವೂ ಈ ಮನುಷ್ಯನ ಒಳ್ಳೆಯತನ. ಕಳ್ಳ ಎಂದಿದ್ದರೆ ತಡೆದುಕೊಳ್ಳುತ್ತಿದ್ದ. ಕಳ್ಳ ಎನ್ನಿಸಿಕೊಳ್ಳಲು ಇಪ್ಪತ್ತಾರು ವರ್ಷದಿಂದ ಸಿದ್ಧವಾಗಿದ್ದ. ಪಾಪ ಎಂದನಲ್ಲ. ಬರಲಿಲ್ಲ ಎಂದನಲ್ಲ. ಕವಿ ತನಗೆ ಮಾಡಿದ್ದಕ್ಕೂ ತಾನು ಕವಿಗೆ ಮಾಡಿದ್ದಕ್ಕೂ ಸರಿಹೋಯಿತೇ ಎಂದು ಒಂದು ಗಳಿಗೆ ಲೆಕ್ಕ ಹಾಕಿ, ಆ ಲೆಕ್ಕ ಹಾಕಿದ ತನ್ನ ಮೇಲೇ ಅಸಹ್ಯಪಟ್ಟು, ಆದರೂ ಸಿಟ್ಟು ತಡೆಯಲಾರದೆ, ಹಾರ್ಮೋನಿಯಮ್ಮಿನ ಮುಂದೆ ಕೂತುಬಿಟ್ಟ.

"ಕೇಳು," ಎಂದ.

ಪೆಡಲು ಒತ್ತಿದ. ಗಂಟಲು ಒರಟಾಗಿತ್ತು, ಸರಿಮಾಡಿಕೊಳ್ಳಲಿಲ್ಲ. ಮೊದಲಿಂದಲೇ ಹಾಡಿದ, ಬಲಗೈ ಹಾರ್ಮೋನಿಯಮ್ಮಿನ ಮನೆಗಳ ಮೇಲೆ, ಎಡಗೈ ತೊಡೆಯ ಮೇಲೆ ತಾಳಕ್ಕೆ. ಜನ ಎದ್ದು ನಿಲ್ಲುವ ಹಾಡಲ್ಲ ಅದು, ಕೂತು ಕೇಳಬೇಕಾದ ಹಾಡು ಎಂದು ಹಾಡುತ್ತಾ ಹಾಡುತ್ತಾ ಅವನಿಗೇ ನೆನಪಾಯಿತು. ಅರಿವಿಗೆ ಮಣಿವೆವು. ಬಲಕೆ. ಎಡಗೈ ಮಾತ್ರ ತೊಡೆಯ ಮೇಲೆ ಒಂದು ಸಲ ಬಿತ್ತು, ಹಾರ್ಮೋನಿಯಂ ನಿಂತಿತು, ದನಿ ನಿಂತಿತು, ಹನ್ನೆರಡು ಮಂದಿಯೂ ಉಸಿರು ಹಿಡಿದದ್ದು ಅವನಿಗೆ ಕೇಳಿಸಿತು. ಬಾಗೆವು. ಎಲ್ಲಿ ಬೀಳಬೇಕೋ ಅಲ್ಲೇ ಬಿತ್ತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನಾಯಕಿ ಹುಡುಗಿ ಬಾಯಿ ಸ್ವಲ್ಪ ತೆರೆದುಕೊಂಡೇ ಇದ್ದಳು. ಸ್ಟೂಲಿನ ಮೇಲಿದ್ದ ಜವಾನ ಎದ್ದು ಒಳಗೆ ಬಂದು ನಿಂತಿದ್ದ.

ಕವಿ ಕಣ್ಣು ಮುಚ್ಚಿಕೊಂಡಿದ್ದ. ತಾಳಕ್ಕೆ ಎತ್ತಿದ ಅವನ ಅಂಗೈ ಇನ್ನೂ ಗಾಳಿಯಲ್ಲೇ ಇತ್ತು. "ಅಬ್ಬಾ," ಎಂದ ಮೆಲ್ಲಗೆ. "ಎಷ್ಟು ಚೆನ್ನಾಗಿದೆಯೋ. ನಾನು ಬರೆದಾಗ ಇಷ್ಟು ಚೆನ್ನಾಗಿರ್ಲಿಲ್ಲ ಅದು." ಕಣ್ಣು ತೆರೆದ, ಕಣ್ಣು ಒದ್ದೆಯಾಗಿತ್ತು. "ಈಗ ಹೊಳೀತಾ ಇದು?"

ಹೂಂ ಎಂದರೆ ಸಾಕಿತ್ತು. ಒಂದಕ್ಷರ. ಹೂಂ ಎಂದಿದ್ದರೆ ಪದವೂ ಉಳಿಯುತ್ತಿತ್ತು, ಹಾಡೂ ಉಳಿಯುತ್ತಿತ್ತು, ಈ ಒದ್ದೆ ಕಣ್ಣಿನವನೂ ಉಳಿಯುತ್ತಿದ್ದ. ಅದೆಲ್ಲ ಅವನಿಗೆ ಬೆಳಕಿನಷ್ಟು ಸ್ಪಷ್ಟವಾಗಿ ಕಂಡಿತು. ಆದರೆ ಹನ್ನೆರಡು ಮಂದಿ ನೋಡುತ್ತಿದ್ದರು, ಇಷ್ಟು ವರ್ಷ ನೋಡಿದ್ದಂತೆ ಅಲ್ಲ, ಬೇರೆ ಥರ, ಅವನು ಬದುಕಿಡೀ ಕಾದಿದ್ದ ಥರ.

"ಈಗ ಯಾಕೆ ಹೊಳೆಯುತ್ತೆ?" ಎಂದ. "ಮೊದಲನೇ ದಿನಾನೇ ಹೀಗೇ ಕೂರ್ಸಿದ್ದೆ. ತಾಳದಲ್ಲಿ ನಾನು ಯಾವತ್ತೂ ತಪ್ಪಿದೋನಲ್ಲ."

ಕವಿಯ ಕೈ ಕೆಳಗಿಳಿಯಿತು. ಮುಖದ ಮೇಲಿನ ನಗು ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ತುಟಿ ಅಲ್ಲಾಡಿತು, ಏನನ್ನೋ ಒಳಗೊಳಗೇ ಎಣಿಸುವವನಂತೆ. ಆಮೇಲೆ ಚೀಲವನ್ನು ಹೆಗಲಿಗೆ ಹಾಕಿಕೊಂಡು ಎದ್ದ. ಬೆಂಚಿನ ಮೇಲೆ ಬಿದ್ದಿದ್ದ ಫೈಲನ್ನು ತಾನೇ ತೆಗೆದುಕೊಂಡು, ಸರಿಯಾದ ಪುಟ ಬಿಡಿಸಿ, ಹಾರ್ಮೋನಿಯಮ್ಮಿನ ಮೇಲೆ ಇಟ್ಟ.

"ಹಾಗಾದ್ರೆ ಕೂರುತ್ತೆ ಅಂತಾನೇ ಬರೆದುಕೊಡಿ," ಎಂದ. "ತುಂಬಾ ಚೆನ್ನಾಗಿ ಹಾಡಿದ್ರಿ, ಸಾರ್."

ಅವನು ಯಾರಿಗೆ ಹೇಳುತ್ತಿದ್ದಾನೆಂದು ಇವನು ಹಿಂದೆ ತಿರುಗಿ ನೋಡಿದ. ಹಿಂದೆ ಗೋಡೆ ಇತ್ತು.